ಬಾಣಂತಿ ಕಾರಿನ ಹೀಟರ್

ಏಪ್ರಿಲ್ 21, ಸೋಮವಾರ

ಹೊರಗೆ 34 ಡಿಗ್ರಿ. ಕಾರಿನ ಹೀಟರಿನ ಗಾಳಿಯೂ 34 ಡಿಗ್ರಿ.

ಅತ್ತೆ ಮೈಸೂರಿನಿಂದ ಬಂದಿಳಿದು ಮೂರು ಗಂಟೆಯೂ ಆಗಿರಲಿಲ್ಲ. ಬಾಣಂತಿ ಸಾಮಾನಿನ ಚೀಲ ಬಿಚ್ಚುತ್ತಲೇ ಮೊದಲ ಆಜ್ಞೆ ಹೊರಡಿಸಿದರು. ನನ್ನ ಹೆಂಡತಿ ಧಾತ್ರಿಗೆ ಡಾಕ್ಟರು ಕೊಟ್ಟಿರುವ ದಿನ ಜೂನ್ 22. ಹೆರಿಗೆಗೆ ತವರಿಗೆ ಕಳಿಸೋಣವೆಂದರೆ ಪ್ರಯಾಣ ಕೂಡದು ಎಂದಿದ್ದಾರೆ. ಹಾಗಾಗಿ ತವರೇ ರೈಲು ಹತ್ತಿ ಮುಂಬೈಯ ಬೊರಿವಲಿಗೆ ಬಂದಿದೆ.

"ಅಳಿಯಂದ್ರೇ, ಆಸ್ಪತ್ರೆಯಿಂದ ಮನೆಗೆ ಬರೋವಾಗ ಬಾಣಂತಿಗೂ ಮಗೂಗೂ ಒಂದಿಷ್ಟೂ ತಣ್ಣನೆ ಗಾಳಿ ಸೋಕಬಾರದು. ರಿಕ್ಷಾ ಬೇಡ. ಬಾಡಿಗೆ ಕಾರೂ ಬೇಡ, ಅವರು ಎಸಿ ಹಾಕ್ತಾರೆ. ನಿಮ್ಮ ಕಾರಲ್ಲಿ ಬಿಸಿ ಗಾಳಿ ಬರೋದು ಇದೆಯಲ್ಲ, ಕೆಂಪು ಗುರುತು? ಅದನ್ನ ಹಾಕ್ಕೊಂಡು ಬಂದ್ರಾಯ್ತು."

"ಅತ್ತೆ, ಈ ಊರಲ್ಲಿ ತಣ್ಣನೆ ಗಾಳಿ ಅನ್ನೋದೇ ಇಲ್ಲ" ಎಂದೆ. ಅವರು ನಕ್ಕರು. ಆ ನಗುವಿಗೆ ಎದುರು ಮಾತಾಡುವ ಧೈರ್ಯ ಮದುವೆಯಾದ ಆರು ವರ್ಷದಲ್ಲಿ ನನಗೆ ಬಂದಿಲ್ಲ. ಇಬ್ಬರೂ ಪಾರ್ಕಿಂಗಿಗೆ ಇಳಿದೆವು. ಗುಂಡಿಯನ್ನು ಕೆಂಪಿನ ಕೊನೆಗೆ ತಿರುಗಿಸಿ ಹತ್ತು ನಿಮಿಷ ಎಂಜಿನ್ ಓಡಿಸಿದೆ. ಅತ್ತೆ ಪುಟ್ಟಲಕ್ಷ್ಮಿಯವರು ಗಾಳಿ ಬರುವ ಜಾಲರಿಯ ಮುಂದೆ ಅಂಗೈ ಹಿಡಿದರು.

"ಇದು ಬಿಸಿ ಅಲ್ಲ. ಸೆಖೆ."

ಜೇಬಿನಿಂದ ಥರ್ಮಾಮೀಟರ್ ತೆಗೆದು ನೋಡಿದೆ. ಅವರು ಹೇಳಿದ್ದು ಸರಿ. ಹೊರಗಿನ ಗಾಳಿಯನ್ನೇ ಒಳಗೆ ದಬ್ಬುತ್ತಿದೆ, ಹೀಟರ್ ಏನೂ ಮಾಡುತ್ತಿಲ್ಲ. ಜೋಗೇಶ್ವರಿಯ ಔಷಧಿ ಗೋದಾಮಿನಲ್ಲಿ ಲಸಿಕೆಗಳು ಎರಡರಿಂದ ಎಂಟು ಡಿಗ್ರಿಯೊಳಗೆ ಇವೆಯೇ ಎಂದು ಕಾಯುವುದು ನನ್ನ ಉದ್ಯೋಗ. ಹನ್ನೊಂದು ವರ್ಷದಿಂದ ಯಾವುದೂ ಬಿಸಿಯಾಗದಂತೆ ನೋಡಿಕೊಂಡಿದ್ದೇನೆ. ಬಿಸಿ ಮಾಡು ಎಂದು ಯಾರೂ ಹೇಳಿರಲಿಲ್ಲ.

ಏಪ್ರಿಲ್ 24, ಗುರುವಾರ

ಹೊರಗೆ 35. ಹೀಟರ್ 35.

ಊಟದ ಬಿಡುವಿನಲ್ಲಿ ಮುರ್ತುಜಾನ ಗ್ಯಾರೇಜಿಗೆ ಹೋದೆ. ನಮ್ಮ ಗೋದಾಮಿನ ಹಿಂದಿನ ಗಲ್ಲಿ. ಬಿಜಾಪುರದ ಕಡೆಯವನು, ನನ್ನ ಜೊತೆ ಕನ್ನಡ, ಗಿರಾಕಿಗಳ ಜೊತೆ ಹಿಂದಿ, ಎಂಜಿನ್ನುಗಳ ಜೊತೆ ದಖ್ಖನಿ. ಹೀಟರ್ ರಿಪೇರಿ ಎಂದ ತಕ್ಷಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನಕ್ಕ.

"ಏನ್ರಿ ಸಾಹೇಬ್ರ, ಆರಾಮ ಅದೀರಲ್ರಿ? ಮುಂಬೈಯಾಗ ಹೀಟರ್ ಯಾರಿಗ್ ಬೇಕ್ರಿ? ಇಪ್ಪತ್ತು ವರ್ಸದಾಗ ಒಬ್ಬಾವನೂ ಕೇಳಿಲ್ಲ ನನಗ."

"ಬಾಣಂತಿಗೆ" ಎಂದೆ.

ಅವನ ನಗು ಅಲ್ಲೇ ನಿಂತಿತು. ಕೈ ಒರೆಸಿಕೊಂಡ.

"ಮೊದ್ಲಽ ಹೇಳ್ಬಾರದೇನ್ರಿ? ನಮ್ಮ ಮನಿಯಾಕಿ ದೌಲತಬಿ ನಾಕ್ ಸಲ ಬಾಣಂತಿ ಆಗ್ಯಾಳ. ನಲವತ್ತು ದಿವ್ಸ ಕಿವಿಗೆ ಗಾಳಿ ಬಿಟ್ಟಿಲ್ರಿ ಆಕಿ. ತಗೀರಿ ಬಾನೆಟ್."

ತೆಗೆದೆ. ಅವನು ಒಳಗೆ ಬಗ್ಗಿ ಬಹಳ ಹೊತ್ತು ನೋಡಿದ. ಎಂಜಿನ್ನಿನಿಂದ ಬಿಸಿನೀರು ಎರಡು ಪೈಪಿನಲ್ಲಿ ಕಾರಿನ ಒಳಗಿರುವ ಹೀಟರಿನ ಜಾಲಿಗೆ ಹೋಗಿಬರಬೇಕಂತೆ. ನಮ್ಮ ಕಾರಿನಲ್ಲಿ ಆ ಎರಡೂ ಪೈಪುಗಳನ್ನು ಒಳಗೆ ಬಿಡದೆ, ಒಂದರ ಬಾಯಿಯನ್ನು ಇನ್ನೊಂದಕ್ಕೆ ಜೋಡಿಸಿ ತಂತಿ ಸುತ್ತಿದ್ದಾರೆ. ನೀರು ಹೊರಗೇ ಸುತ್ತಿಕೊಂಡು ವಾಪಸ್ಸು ಹೋಗುತ್ತದೆ.

"ಯಾವ ಕತ್ತಿಮಗ ಮಾಡ್ಯಾನ್ರಿ ಇದನ್ನ?" ಎಂದು ಬೈಯಲು ಶುರುಮಾಡಿದವನು ತಂತಿಯ ಗಂಟನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಮೆಲ್ಲಗೆ, "ಈ ಗಂಟು ನಂದಽ ಐತ್ರಿ" ಎಂದ.

ಕಾರು ನಮ್ಮ ಬಿಲ್ಡಿಂಗಿನ ಸದಾನಂದ ಅವರದ್ದಾಗಿದ್ದ ಕಾಲದಲ್ಲಿ ಜಾಲಿ ಸೋರುತ್ತಿತ್ತಂತೆ. ಮುಂಬೈಗೆ ಬೇಡದ್ದು ಎಂದು ಮುರ್ತುಜಾ ಕತ್ತರಿಸಿ ಎಸೆದ. ಇಲ್ಲಿ ಎಲ್ಲ ಮೆಕ್ಯಾನಿಕ್ಕುಗಳೂ ಮಾಡುವುದು ಅದನ್ನೇ ಎಂದು ಆಣೆ ಮಾಡಿ ಹೇಳಿದ. ನಂಬಿದೆ.

ಏಪ್ರಿಲ್ 30, ಬುಧವಾರ

ಹೀಟರಿನ ಜಾಲಿ ಮುಂಬೈಯ ಯಾವ ಅಂಗಡಿಯಲ್ಲೂ ಇಲ್ಲ. ಕೇಳಿದ ಕಡೆಯೆಲ್ಲ ನನ್ನ ಮುಖವನ್ನೇ ನೋಡುತ್ತಾರೆ. ಕೊನೆಗೆ ಮುರ್ತುಜಾ ಧಾರಾವಿಯ ಗುಜರಿಯೊಂದರಲ್ಲಿ ಡೆಲ್ಲಿಯಿಂದ ಬಂದ ಮುರುಕು ಕಾರು ಪತ್ತೆ ಹಚ್ಚಿದ. ಡೆಲ್ಲಿ ಕಾರಿನ ಹೀಟರ್ ಚಳಿಗಾಲ ಕಂಡದ್ದು, ಅನುಭವಸ್ಥ ಎಂದು ಅವನ ವಾದ.

ಅದನ್ನು ಕೂರಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಎಸಿಯ ಗ್ಯಾಸ್ ಬಿಡಬೇಕು. ಬಿಡಿ ಎಂದೆ. ಈಗ ನಮ್ಮ ಕಾರಿನಲ್ಲಿ ಎಸಿ ಇಲ್ಲ, ಮೇ ತಿಂಗಳು ಬಂತು, ಹೀಟರ್ ಇದೆ.

ಧಾತ್ರಿ ಕೇಳಿದಳು, "ಶ್ರೀ, ನಾಳಿದ್ದು ಸ್ಕ್ಯಾನಿಂಗ್‌ಗೆ ಬರ್ತೀಯಾ?"

ಗ್ಯಾರೇಜಿಗೆ ಹೋಗಬೇಕು, ನಿನಗಾಗಿಯೇ ಅಲ್ವಾ ಎಂದೆ. ಅಮ್ಮನ ಜೊತೆ ಹೋಗಿಬರುತ್ತೇನೆ ಎಂದಳು. ಅವಳಿಗೆ ಬೇಸರವಾಗಿರಲಿಕ್ಕಿಲ್ಲ.

ಮೇ 4, ಭಾನುವಾರ

ಹೊರಗೆ 36. ಹೀಟರ್ 36.

ಜಾಲಿ ಕೂರಿಸಿ, ಪೈಪು ಜೋಡಿಸಿ, ಎಲ್ಲ ಮುಗಿದ ಮೇಲೂ ಹೀಟರ್ ತಣ್ಣಗೆ ಊದುತ್ತಿದೆ. ಕಾರನ್ನು ಮನೆಗೆ ತಂದು ಮಧ್ಯಾಹ್ನ ಒಂದೂವರೆ ಗಂಟೆ ಪಾರ್ಕಿಂಗಿನಲ್ಲಿ ಕಿಟಕಿ ಏರಿಸಿಕೊಂಡು, ಹೀಟರ್ ಹಾಕಿಕೊಂಡು, ಐದೈದು ನಿಮಿಷಕ್ಕೆ ಉಷ್ಣಾಂಶ ಬರೆದುಕೊಂಡೆ. ಅಂಗಿ ತೆಗೆದಿಟ್ಟಿದ್ದೆ. ಯಾರೋ ಗಾಜು ಬಡಿದರು. ಸದಾನಂದ. ಈಗ ಸೊಸೈಟಿಯ ಸೆಕ್ರೆಟರಿ.

"ಎಂತ ಮಾರಾಯ್ರೆ, ಮನೆಯಲ್ಲಿ ಜಗಳವಾ?"

"ಹೀಟರ್ ಪರೀಕ್ಷೆ ಮಾಡ್ತಿದ್ದೇನೆ."

"ನಾನು ಎಂಟು ವರ್ಷ ಓಡಿಸಿದ ಗಾಡಿ ಅದು. ಅದರಲ್ಲಿ ಹೀಟರ್ ಉಂಟು ಅಂತಲೇ ನನಗೆ ಗೊತ್ತಿರ್ಲಿಲ್ಲ. ಈಗ ಎಂತ, ಬಿಸಿ ಸಾಲ್ದಾ?"

ಮೇಲೆ ಬರುವಷ್ಟರಲ್ಲಿ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂದಿತ್ತು: ನಾಲ್ಕನೇ ಮಹಡಿಯ ಸದಸ್ಯರೊಬ್ಬರು ಮುಚ್ಚಿದ ಕಾರಿನಲ್ಲಿ ಅಂಗಿಯಿಲ್ಲದೆ ಪತ್ತೆಯಾಗಿದ್ದಾರೆ, ಹತ್ತಿರದವರು ಸ್ವಲ್ಪ ಮಾತಾಡಿಸಿ. ಇಪ್ಪತ್ತಾರು ಜನ ಕೈಮುಗಿದಿದ್ದಾರೆ. ಮೂರನೇ ಮಹಡಿಯವರು ಮನಶ್ಶಾಂತಿಯ ಶಿಬಿರವೊಂದರ ಫೋನ್ ನಂಬರ್ ಹಾಕಿದ್ದಾರೆ.

ಮೇ 8, ಗುರುವಾರ

ಹೀಟರ್ 37. ಹೊರಗಿನದಕ್ಕಿಂತ ಎರಡು ಡಿಗ್ರಿ ಹೆಚ್ಚು! ಮೊದಲ ಬಾರಿ.

ಪೈಪಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿತ್ತಂತೆ. ಗಾಳಿ ಇದ್ದರೆ ನೀರು ಮುಂದೆ ಹೋಗುವುದಿಲ್ಲ. ಮುರ್ತುಜಾ ಕಾರನ್ನು ಇಳಿಜಾರಿನಲ್ಲಿ ಮೂಗು ಮೇಲೆ ಮಾಡಿ ನಿಲ್ಲಿಸಿ, ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ ಓಡಿಸಿದ. ಗುಳುಗುಳು ಸದ್ದು ಮಾಡುತ್ತಾ ಗಾಳಿ ಹೊರಗೆ ಬಂತು. ಆಮೇಲೆ ಹೀಟರಿನ ಎರಡೂ ಪೈಪು ತೋರಿಸಿದ.

"ಮುಟ್ರಿ. ಒಂದು ಬಿಸಿ, ಒಂದು ತಣ್ಣಗ ಇದ್ರ ನೀರು ಒಳಗ ಹೋಗವಲ್ದು ಅಂತ. ಎರಡೂ ಬಿಸಿ ಇದ್ರ ಹಾದಿ ಸಾಫ್."

ನಾನು ಥರ್ಮಾಮೀಟರ್ ತೆಗೆದೆ.

"ಅದನ್ನ ಒಳಗ ಇಡ್ರಿ ಸಾಹೇಬ್ರ. ಕೈ ಹಚ್ಚ್ರಿ, ಕೈ."

ಹಚ್ಚಲಿಲ್ಲ. ನನ್ನ ಕೈ ಯಾವಾಗಲೂ ತಣ್ಣಗಿರುತ್ತದೆ. ಗೋದಾಮಿನಲ್ಲಿ ಕೆಲಸ ಮಾಡಿ ಹಾಗಾಗಿದೆಯೋ, ಹುಟ್ಟಿನಿಂದಲೋ. ಧಾರೆಯ ಹೊತ್ತಿನಲ್ಲಿ ಅತ್ತೆ ಎಲ್ಲರೆದುರು "ಹುಡುಗನ ಕೈ ಹಿಮವಾಗಿದೆಯಲ್ಲ" ಎಂದದ್ದು ಇನ್ನೂ ನೆನಪಿದೆ. ಇಂಥ ಕೈಯನ್ನು ನಂಬಿ ಏನನ್ನೂ ತೀರ್ಮಾನಿಸಬಾರದು.

ಮೇ 10, ಶನಿವಾರ

ಹೋದ ಸಲದ ವಿಷಯ ನಾನು ಎಲ್ಲೂ ಬರೆದಿಲ್ಲ. ಇವತ್ತು ಬರೆದುಬಿಡುತ್ತೇನೆ.

ಎರಡು ವರ್ಷದ ಹಿಂದೆ ನಾಲ್ಕನೇ ತಿಂಗಳಲ್ಲಿ ಮಗು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಾಡಿಗೆ ಕಾರಿನಲ್ಲಿ ಮನೆಗೆ ಬಂದೆವು. ನಾನು ಡ್ರೈವರಿನ ಪಕ್ಕ ಕೂತಿದ್ದೆ. ಎಸಿ ಜೋರಾಗಿ ಬೀಸುತ್ತಿತ್ತು. ಹಿಂದೆ ಧಾತ್ರಿ ದುಪಟ್ಟಾ ಸುತ್ತಿಕೊಂಡು ನಡುಗುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. ಅದನ್ನು ಬಂದ್ ಮಾಡಿ ಎಂದರೆ ಸಾಕಿತ್ತು. ನಾನು ಹೇಳಲಿಲ್ಲ. ಮುಂದಿದ್ದ ಪರದೆಯಲ್ಲಿ 19 ಎಂದು ತೋರಿಸುತ್ತಿತ್ತು, ಮನೆ ಬರುವವರೆಗೂ ಅದನ್ನೇ ನೋಡುತ್ತಿದ್ದೆ. ಯಾಕೆ ಬಾಯಿ ಬರಲಿಲ್ಲವೋ ಗೊತ್ತಿಲ್ಲ. ಅವಳು ಆ ವಿಷಯ ಒಮ್ಮೆಯೂ ಎತ್ತಿಲ್ಲ. ಅತ್ತೆಗೆ ಗೊತ್ತಿಲ್ಲ.

ಈ ಸಲವೂ ಏನಾದರೂ ಆದರೆ ಎಂದು ಹೆದರಿಕೆಯಾಗುತ್ತದೆ. ಅಷ್ಟೇ. ಮತ್ತೆ ಹೀಟರಿಗೆ ಬರುತ್ತೇನೆ. 37 ಸಾಲದು.

ಮೇ 14, ಬುಧವಾರ

ಹೊರಗೆ 35. ಹೀಟರ್ 58!!

ಕಳ್ಳ ಸಿಕ್ಕಿದ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆದು ನಿಲ್ಲಿಸುವ ಥರ್ಮೋಸ್ಟಾಟ್ ವಾಲ್ವ್ ಎಂಬುದೊಂದಿರುತ್ತದೆ. ನಮ್ಮ ಕಾರಿನಲ್ಲಿ ಆ ಜಾಗ ಖಾಲಿ. ತಡೆಯುವವರಿಲ್ಲದೆ ನೀರು ಸುಮ್ಮನೆ ಸುತ್ತುತ್ತಿದೆ, ಎಂಜಿನ್ನಿಗೇ ಬಿಸಿ ಹತ್ತುತ್ತಿಲ್ಲ. ಇನ್ನು ಹೀಟರಿಗೆಲ್ಲಿಂದ ಬರಬೇಕು?

"ಇದನ್ನೂ ನೀವೇ ತೆಗೆದದ್ದಾ?" ಎಂದು ಕೇಳಿದೆ.

"ಮುಂಬೈ ಗಾಡಿ ಅಲ್ರೇನ್ರಿ. ಗರಂ ಆಗಬಾರದು ಅಂತ ಎಲ್ಲಾರದೂ ತಗೀತೀವಿ. ನಿಮ್ಮ ಸೇವಾ ಮಾಡ್ಲಾಕ ಹೋಗಿ ನಿಮ್ಮ ಹೀಟರ್ ಕೊಂದೀನ್ರಿ ನಾ. ಎರಡು ಸಲ."

ಹೊಸ ವಾಲ್ವ್ ಹಾಕಿದ. ಹನ್ನೆರಡನೇ ನಿಮಿಷಕ್ಕೆ ಜಾಲರಿಯಿಂದ ಬಂದ ಗಾಳಿ ನನ್ನ ಕನ್ನಡಕವನ್ನು ಕಾಯಿಸಿತು. ಇಬ್ಬರೂ ಒಳಗೆ ಕೂತು ಬೆವರು ಸುರಿಸುತ್ತಾ ನಕ್ಕೆವು. ನಾನು ಅವನ ಬೆನ್ನು ತಟ್ಟಿದೆ. ಗಲ್ಲಿಯ ಜನ ನಿಂತು ನೋಡಿದರು. ಮನೆಗೆ ಹೋಗಿ ಧಾತ್ರಿಗೆ 58 ಎಂದೆ. ಅವಳು, "ಮಗು ಒದೀತಾ ಇದೆ, ಕೈ ಇಡು" ಎಂದಳು. ಕೈಯಲ್ಲಿ ಗ್ರೀಸು ಇತ್ತು. ತೊಳೆದುಕೊಂಡು ಬರುವಷ್ಟರಲ್ಲಿ ಒದೆಯುವುದು ನಿಂತಿತ್ತು.

ಮೇ 18, ಭಾನುವಾರ

ಹೊರಗೆ 36. ಹೀಟರ್ 58. ಕಾರಿನೊಳಗೆ 47.

ಅತ್ತೆಯ ಆಜ್ಞೆಯ ಮೇರೆಗೆ ತಾಲೀಮು. ಅವರೇ ಬಾಣಂತಿ. ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಸ್ಕಾರ್ಫ್, ಕಾಲಿಗೆ ಕಾಲುಚೀಲ. ಮಗುವಿನ ಬದಲು ಮೂರು ಕಿಲೋ ಸೋನಾ ಮಸೂರಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಕಿಟಕಿಗಳೆಲ್ಲ ಬಂದ್. ನಡು ಮಧ್ಯಾಹ್ನ, ಸ್ಟೇಷನ್ ಹತ್ತಿರದ ಆಸ್ಪತ್ರೆಯ ಗೇಟಿನಿಂದ ಹೊರಟೆವು.

ಎರಡನೇ ಸಿಗ್ನಲಿನಲ್ಲಿ ಟ್ರಾಫಿಕ್ ಪೊಲೀಸ್ ಹತ್ತಿರ ಬಂದು ಗಾಜು ಇಳಿಸಲು ಹೇಳಿದ. ಇಳಿಸಿದೆ. ಒಳಗಿನ ಗಾಳಿ ಮುಖಕ್ಕೆ ಹೊಡೆದು ಅವನೇ ಒಂದು ಹೆಜ್ಜೆ ಹಿಂದಕ್ಕೆ ಹೋದ.

"ಆಜಿ ಬರೀ ಆಹೇ ನಾ?" ಎಂದು ಕೇಳಿದ. ಅಜ್ಜಿ ಆರೋಗ್ಯವಾಗಿದ್ದಾರೆ ಎಂದೆ. ಮಡಿಲಲ್ಲೇನು ಎಂದ. ಅಕ್ಕಿ ಎಂದೆ. ಹೀಟರ್ ಯಾಕೆ ಎಂದ. ಅಕ್ಕಿಗೆ ಗಾಳಿ ಸೋಕಬಾರದು ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅವನು ಸಿಗ್ನಲ್ ಕೆಂಪಿದ್ದರೂ ಹೋಗು ಎಂದು ಕೈಬೀಸಿದ.

ಮನೆ ತಲುಪಿದಾಗ ಪುಟ್ಟಲಕ್ಷ್ಮಿಯವರ ಮುಖ ಕೆಂಪಾಗಿತ್ತು. "ಹದವಾಗಿದೆ" ಎಂದರು. ಲಿಫ್ಟಿನಲ್ಲಿ ಗೋಡೆ ಹಿಡಿದುಕೊಂಡರು. ಒಳಗೆ ಬಂದವರೇ ನೆಲದ ಮೇಲೆ ಉದ್ದಕ್ಕೆ ಮಲಗಿ, ಎರಡೂ ಫ್ಯಾನ್ ಹಾಕಿಸಿಕೊಂಡು, ಒಂದು ತಂಬಿಗೆ ಮಜ್ಜಿಗೆ ಕುಡಿದರು. ಧಾತ್ರಿ ಅಕ್ಕಿಯ ಗಂಟು ಬಿಚ್ಚಿ ಮುಟ್ಟಿ ನೋಡಿ, "ಅಮ್ಮಾ, ನಿನ್ನ ಮೊಮ್ಮಗು ಅರ್ಧ ಬೆಂದಿದೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ದಿನವಾಗಿತ್ತು ಅವಳು ಹಾಗೆ ನಕ್ಕು! ಆಮೇಲೆ ನಗು ನಿಲ್ಲಿಸಿ, "ಶ್ರೀ, ಆ ಒಲೆಯೊಳಗೆ ನಾನೂ ಕೂರಲ್ಲ, ನನ್ನ ಮಗೂನೂ ಕೂರಿಸಲ್ಲ" ಎಂದಳು. ಅದನ್ನು ಆಮೇಲೆ ಮಾತಾಡೋಣ ಎಂದೆ.

ಮೇ 19, ಸೋಮವಾರ

ಮಗು ಹುಟ್ಟಿತು. ಹೆಣ್ಣು. ಐದು ವಾರ ಮುಂಚೆ. ಒಂದು ಕಿಲೋ ಒಂಬೈನೂರು ಗ್ರಾಂ.

ಬೆಳಿಗ್ಗೆ ಆರಕ್ಕೆ ನೋವು ಬಂತು. ಕಾರಿನಲ್ಲಿ ಎಸಿ ಇಲ್ಲ, ಅವಳು ಕಾರು ಹತ್ತಲೇ ಇಲ್ಲ. ರಿಕ್ಷಾದಲ್ಲಿ ಹೋದೆವು. ಎರಡೂ ಕಡೆಯಿಂದ ಗಾಳಿ ಹೊಡೆಯುತ್ತಿತ್ತು. ಅತ್ತೆ ಗಾಳಿಯನ್ನು ಮರೆತು ಮಗಳ ಕೈ ಹಿಡಿದುಕೊಂಡಿದ್ದರು. ಧಾತ್ರಿ ಚೆನ್ನಾಗಿದ್ದಾಳೆ. ಮಗುವನ್ನು ಬೇರೆ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಮೂರು ಕಿಲೋ ಅಕ್ಕಿ ಕಟ್ಟಿದ್ದೆವು. ಅದರಲ್ಲಿ ಒಂದು ಕಿಲೋ ಹೆಚ್ಚಾಗಿತ್ತು.

ಮೇ 20, ಮಂಗಳವಾರ

ಪೆಟ್ಟಿಗೆ 33.5. ಮಗು 36.4.

ಮೇ 21, ಬುಧವಾರ

ಪೆಟ್ಟಿಗೆ 33.4. ಮಗು 36.5.

ಒಳ್ಳೆಯ ಯಂತ್ರ. ನಮ್ಮ ಗೋದಾಮಿನದ್ದಕ್ಕಿಂತ ನಿಖರ.

ಮೇ 24, ಶನಿವಾರ

ಪೆಟ್ಟಿಗೆ 32.8. ಮಗು 36.6.

ಐದು ದಿನದಿಂದ ಗಾಜಿನ ಹೊರಗೆ ನಿಂತು ಉಷ್ಣಾಂಶ ಬರೆದುಕೊಳ್ಳುತ್ತಿದ್ದೇನೆ. ಅಲ್ಲಿನ ಸಿಸ್ಟರ್ ವೈಶಾಲಿ ಇವತ್ತು ನನ್ನ ನೋಟ್‌ಬುಕ್ಕನ್ನೇ ಕಿತ್ತುಕೊಂಡರು. ಎಲ್ಲ ಬಾಬಾಗಳೂ, ಅಂದರೆ ಅಪ್ಪಂದಿರೂ, ಮಗುವನ್ನು ಮುಟ್ಟುತ್ತಾರೆ, ನೀವೇಕೆ ಮುಟ್ಟುವುದಿಲ್ಲ ಎಂದು ಹಿಂದಿಯಲ್ಲಿ ಗದರಿದರು.

ನನ್ನ ಕೈ ತಣ್ಣಗಿದೆ, ಮಗುವಿಗೆ ಒಳ್ಳೆಯದಲ್ಲ ಎಂದೆ.

"ಹಾಥ್ ಕಿಸ್‌ನೇ ಮಾಂಗಾ? ಛಾತೀ ಚಾಹಿಯೇ. ಶರ್ಟ್ ಕಾಢಾ, ಬಾಬಾ."

ಕೈಯಲ್ಲ, ಎದೆ ಬೇಕು ಎಂದು ಅಂಗಿ ತೆಗೆಸಿದರು. ಈ ತಿಂಗಳಲ್ಲಿ ಎರಡನೇ ಸಲ ನಾನು ಪರರೆದುರು ಅಂಗಿ ತೆಗೆದದ್ದು. ಒರಗು ಕುರ್ಚಿಯಲ್ಲಿ ಕೂರಿಸಿ, ಮಗುವನ್ನು ಪೆಟ್ಟಿಗೆಯಿಂದ ತೆಗೆದು, ಬರಿಮೈಯಲ್ಲೇ ನನ್ನ ಎದೆಯ ಮೇಲೆ ಮಲಗಿಸಿ, ಮೇಲಿಂದ ಬಟ್ಟೆ ಕಟ್ಟಿದರು. ತಾಯಿ ಸುಸ್ತಾದಾಗ ತಂದೆಯ ಮೈಶಾಖವೇ ಮಗುವಿಗೆ ಯಂತ್ರಕ್ಕಿಂತ ಒಳ್ಳೆಯದಂತೆ. ನನಗೆ ಉಸಿರಾಡಲು ಹೆದರಿಕೆಯಾಯಿತು. ಮಗು ಒಮ್ಮೆ ಮುಲುಗಿ, ಕೆನ್ನೆ ಒತ್ತಿಕೊಂಡು ನಿದ್ದೆ ಹೋಯಿತು. ಮುಕ್ಕಾಲು ಗಂಟೆಯ ಮೇಲೆ ಸಿಸ್ಟರ್ ಬಂದು ನೋಡಿ ಏನೋ ಬರೆದುಕೊಂಡರು. ಎಷ್ಟು ಎಂದು ಕೇಳಬೇಕೆಂದುಕೊಂಡೆ. ಮಗು ಎದ್ದೀತು ಎಂದು ಕೇಳಲಿಲ್ಲ. ನಾನು ಅಳುತ್ತಿದ್ದೆ, ಅದು ಅವರಿಗೆ ಕಂಡಿರಬಹುದು.

ಮೇ 31, ಶನಿವಾರ

ಮನೆಗೆ ಬಂದೆವು.

ಬೆಳಿಗ್ಗೆ ವೈಶಾಲಿ ಸಿಸ್ಟರ್ ಹೇಳಿದರು: ಮಗು ದಾರಿಯುದ್ದಕ್ಕೂ ಬಾಬಾನ ಎದೆಯ ಮೇಲೇ ಇರಲಿ. ಹಾಗಾದರೆ ಕಾರು ಓಡಿಸುವವರು ಯಾರು? ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮುರ್ತುಜಾನಿಗೆ ಫೋನ್ ಮಾಡಿದೆ. ಗ್ಯಾರೇಜಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ದೌಲತಬಿ ಕೈಯಾರೆ ಹೊಲಿದು ಕಳಿಸಿದ ಕೆಂಪು ಕುಲಾಯಿಯನ್ನು ಅತ್ತೆಯ ಕೈಗೆ ಕೊಟ್ಟ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ಹೊಲಿಗೆ ನೋಡಿ, ಮೈಸೂರಿನಿಂದ ತಂದಿದ್ದನ್ನು ಚೀಲದಲ್ಲೇ ಬಿಟ್ಟು ಇದನ್ನೇ ಮಗುವಿಗೆ ಹಾಕಿದರು.

ಮುಂದೆ ಅತ್ತೆ, ಹಿಂದೆ ಧಾತ್ರಿ, ಅವಳ ಪಕ್ಕ ನಾನು, ನನ್ನ ಅಂಗಿಯೊಳಗೆ ಮಗು. ಮುರ್ತುಜಾ ಬಿಸ್ಮಿಲ್ಲಾ ಎಂದು ಎಂಜಿನ್ ಶುರುಮಾಡಿ, ಕನ್ನಡಿಯಲ್ಲಿ ನನ್ನನ್ನು ನೋಡಿ, ಗುಂಡಿಯನ್ನು ದೊಡ್ಡ ಠೀವಿಯಿಂದ ಕೆಂಪಿನ ಕೊನೆಗೆ ತಿರುಗಿಸಿದ. ಗೇಟು ದಾಟುವಷ್ಟರಲ್ಲಿ ಡೆಲ್ಲಿ ಹೀಟರ್ ಬೆಂಕಿಯಂಥ ಗಾಳಿ ಉಗುಳತೊಡಗಿತು. ಎಷ್ಟೊಂದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮಗುವಿನ ಹಣೆಯಲ್ಲಿ ಒಂದು ಹನಿ ಬೆವರು ಕಂಡಿತು. ಧಾತ್ರಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು.

"ಮುರ್ತುಜಾ, ಅದನ್ನು ಬಂದ್ ಮಾಡಿ" ಎಂದೆ.

"ಸಾಹೇಬ್ರ! ಒಂದು ತಿಂಗಳ ಕೆಲಸ ಐತ್ರಿ ಅದು! ಅರವತ್ತರ ಹತ್ರ ಬಂದೈತಿ!"

"ಬಂದ್ ಮಾಡಿ. ಕಿಟಕಿ ಸ್ವಲ್ಪ ಇಳಿಸಿ."

ಧಾತ್ರಿ ತಿರುಗಿ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಏನಾಯಿತು ಎಂದು ಕೇಳಿದೆ. ಏನಿಲ್ಲ ಎಂದು ನನ್ನ ಭುಜಕ್ಕೆ ತಲೆ ಆನಿಸಿದಳು. ಕಣ್ಣಲ್ಲಿ ನೀರಿತ್ತು. ಬಾಣಂತಿಯರಿಗೆ ಹಾಗೆಲ್ಲ ಆಗುತ್ತದೆ ಎಂದು ಸಿಸ್ಟರ್ ಹೇಳಿದ್ದರು.

ಅತ್ತೆ ಗಾಳಿಯ ಬಗ್ಗೆ ಏನೋ ಹೇಳಲು ಹೊರಟವರು ಹಿಂದಕ್ಕೆ ಕೈ ಚಾಚಿ, ನನ್ನ ಅಂಗಿಯೊಳಗೆ ತೂರಿಸಿ, ಮಗುವಿನ ಪಾದ ಹಿಡಿದು ನೋಡಿದರು. ಹಾಗೇ ಪಕ್ಕದಲ್ಲಿದ್ದ ನನ್ನ ಕೈಯನ್ನೂ ಮುಟ್ಟಿದರು.

"ಬೆಚ್ಚಗಿದೆ" ಎಂದರು. ಯಾವುದು ಎಂದು ಹೇಳಲಿಲ್ಲ. ಮುಂದಕ್ಕೆ ತಿರುಗಿ ತಮ್ಮ ಸ್ಕಾರ್ಫ್ ಬಿಚ್ಚಿ ಗಾಳಿ ಹಾಕಿಕೊಳ್ಳತೊಡಗಿದರು.

ಸಿಗ್ನಲಿನಲ್ಲಿ ಅದೇ ಟ್ರಾಫಿಕ್ ಪೊಲೀಸ್ ಇದ್ದ. ಕಾರಿನ ಗುರುತು ಹಿಡಿದು ಒಳಗೆ ಬಗ್ಗಿ ನೋಡಿದ. ನನ್ನ ಅಂಗಿಯಿಂದ ಹೊರಗೆ ಕಾಣುತ್ತಿದ್ದ ಕೆಂಪು ಕುಲಾಯಿ ನೋಡಿ, "ತಾಂದೂಳ್?" ಎಂದು ಕೇಳಿದ. ಅಲ್ಲ, ಅಕ್ಕಿಯಲ್ಲ, ಮಗಳು ಎಂದೆ. ಅವನು ಟೋಪಿ ಸರಿಮಾಡಿಕೊಂಡು ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿ ನಮಗೆ ದಾರಿ ಬಿಟ್ಟ.

ಥರ್ಮಾಮೀಟರ್ ಎಲ್ಲಿ ಬಿಟ್ಟೆನೋ ನೆನಪಿಲ್ಲ. ಇವತ್ತು ಏನೂ ಅಳೆದಿಲ್ಲ.